ಟ್ಯಾಬ್ಲೆಟ್ ಸಾಕೇ? ಪುಣೆಯ ಒಬ್ಬ ಡಿಜೆಯ ಪ್ರಕರಣ

ಹಿನ್ನೆಲೆ

ಡಿಜೆ ಕೆಲಸಕ್ಕೆ ಇಳಿಯಬೇಕೆಂದವರು ನನ್ನಂಥ ಧ್ವನಿವರ್ಧಕದವರ ಬಳಿ ಬಂದು ಮೊದಲು ಕೇಳುವುದು ಒಂದೇ: ‘ಅಣ್ಣಾ, ಟ್ಯಾಬ್ಲೆಟ್ ಸಾಕಾಗುತ್ತದೆಯೇ, ಕಂಟ್ರೋಲರ್ ಕೊಳ್ಳಲೇಬೇಕೇ?’ ಕಂಟ್ರೋಲರ್ ಎಂದರೆ ಡಿಜೆ ತಂತ್ರಾಂಶವನ್ನು ಕೈಯಿಂದ ನಡೆಸಲು ಗುಂಡಿ, ಚಕ್ರಗಳಿರುವ ಯಂತ್ರ. ಹೌದು ಅಥವಾ ಇಲ್ಲ ಎನ್ನುವ ಬದಲು ಈಗ ನಾನು ಅವರಿಗೆ ಈ ಪ್ರಕರಣ ಹೇಳುತ್ತೇನೆ. ಇದರಲ್ಲಿ ಬರುವ ಯುವತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಗಿರಾಕಿಗಳ ಗುರುತು ಬಿಟ್ಟಿದ್ದೇನೆ. ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ.

ಆಕೆಯ ತಂದೆತಾಯಿ ವಿಜಯಪುರದ ಕಡೆಯವರು, ಪಿಂಪ್ರಿ–ಚಿಂಚವಡದ ಕಾರ್ಖಾನೆ ಕೆಲಸಕ್ಕೆ ಬಂದು ಪುಣೆಯಲ್ಲಿಯೇ ನೆಲೆಸಿದವರು. ಆಕೆ ಹುಟ್ಟಿ ಬೆಳೆದದ್ದು ಇಲ್ಲಿ. ವಾರದ ದಿನಗಳಲ್ಲಿ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಉದ್ಯೋಗ, ಶನಿವಾರ ಭಾನುವಾರ ಡಿಜೆ. ಕ್ಲಬ್ಬುಗಳ ಬಾಗಿಲು ಆಕೆಗೆ ಇನ್ನೂ ತೆರೆದಿರಲಿಲ್ಲ, ತೆರೆಯಬೇಕೆಂಬ ಹಂಬಲವೂ ಅಷ್ಟೇನಿರಲಿಲ್ಲ. ಸಿಗುತ್ತಿದ್ದವು ಮದುವೆಗೆ ಮುಂಚಿನ ಹಾಡು–ಕುಣಿತದ ಸಂಗೀತ್ ರಾತ್ರಿಗಳು, ಅರಿಶಿನ ಶಾಸ್ತ್ರಗಳು, ವಸತಿ ಸಂಕೀರ್ಣಗಳ ರಾಜ್ಯೋತ್ಸವ, ಕೆಲವು ಕೆಫೆಗಳು. ಹೆಣ್ಣಿನ ಕಡೆಯವರು ಕನ್ನಡಿಗರು, ಗಂಡಿನ ಕಡೆಯವರು ಮರಾಠಿಗರು ಎಂಬಂಥ ಮದುವೆಗಳೇ ಹೆಚ್ಚು. ಆದ್ದರಿಂದ ಒಂದೇ ಸಂಜೆಯಲ್ಲಿ ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆ, ಲಾವಣಿ, ಹಿಂದಿ, ಪಂಜಾಬಿ, ಕೊನೆಗೆ ಉತ್ತರ ಕರ್ನಾಟಕದ ಜಾನಪದ, ಎಲ್ಲವೂ ಬೇಕು. ಹಾಡುಗಳ ಈ ಕಲಬೆರಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ನಿರ್ಣಾಯಕವಾಯಿತು.

ಟ್ಯಾಬ್ಲೆಟ್ ಆರಿಸಿಕೊಂಡದ್ದಕ್ಕೆ ಆಕೆಯ ಬಳಿ ಒಳ್ಳೆಯ ಕಾರಣಗಳಿದ್ದವು. ಅದು ಮನೆಯಲ್ಲಿ ಆಗಲೇ ಇತ್ತು. ಎರಡು ಚಾನೆಲ್ಲಿನ, ಅಂದರೆ ಒಮ್ಮೆಗೆ ಎರಡು ಹಾಡು ಹಿಡಿಯುವ, ಸಾಧಾರಣ ಕಂಟ್ರೋಲರ್‌ಗೆ 25ರಿಂದ 35 ಸಾವಿರ ರೂಪಾಯಿ ಬೇಕು, ಅದಕ್ಕೆ ಜೋಡಿಸಲು ಲ್ಯಾಪ್‌ಟಾಪ್ ಬೇರೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಹೊರಗಿನ ತಂತ್ರಾಂಶ ಹಾಕುವಂತಿರಲಿಲ್ಲ. ಓಡಾಟವೆಲ್ಲ ಸ್ಕೂಟರಿನಲ್ಲಿ, ಎರಡು ಕಿಲೋ ತೂಗುವ, ಅರ್ಧ ಮೀಟರ್ ಅಗಲದ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಕಾತ್ರಜ್ ಘಾಟ್ ಹತ್ತುವುದು ಯಾರಿಗೂ ಹಿತವಲ್ಲ.

ಟ್ಯಾಬ್ಲೆಟ್ಟಿನಲ್ಲಿ ಮಾಡುವುದು ಡಿಜೆಯೇ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಅಲ್ಗೊರಿಡಿಮ್ ಕಂಪನಿಯ ಡಿಜೇ ಆ್ಯಪ್ ಐಪ್ಯಾಡ್‌ಗೆ ಬಂದದ್ದು 2010ರಲ್ಲಿ, ಐಪ್ಯಾಡ್ ಮಾರುಕಟ್ಟೆಗೆ ಬಂದ ವರ್ಷವೇ. 2020ರಲ್ಲಿ ಅದೇ ಆ್ಯಪ್ ಹಾಡಿನೊಳಗಿನ ದನಿಯನ್ನೂ ವಾದ್ಯಗಳನ್ನೂ ನುಡಿಸುತ್ತಿರುವಾಗಲೇ ಬೇರ್ಪಡಿಸತೊಡಗಿತು. ಹಳೆಯ ಕನ್ನಡ ಹಾಡಿನ ದನಿಯನ್ನಷ್ಟೇ ಉಳಿಸಿ ಅದರ ಕೆಳಗೆ ಹೊಸ ತಾಳ ಹಾಕುವುದನ್ನು ಆಕೆ ಕಲಿತದ್ದು ಹೀಗೆ, ಆರು ಸಾವಿರದ ಹೆಡ್‌ಫೋನ್ ಮತ್ತು ಮನೆಯ ಟ್ಯಾಬ್ಲೆಟ್ ಇಟ್ಟುಕೊಂಡು. ಕೆಫೆಗಳಲ್ಲಿ ಅದನ್ನು ಕೇಳಿ ತಲೆಯೆತ್ತಿ ನೋಡಿದವರಿದ್ದಾರೆ.

ತೊಡಕು

ಮೊದಲ ತೊಂದರೆ ಶಬ್ದ ಹೊರಬರುವ ದಾರಿಯದು. ಡಿಜೆಗೆ ಎರಡು ಬೇರೆ ಬೇರೆ ದಾರಿಗಳು ಬೇಕು: ಸಭೆಗೆ ಕೇಳುವ ಹಾಡು ಒಂದು, ಮುಂದಿನ ಹಾಡನ್ನು ಮೊದಲೇ ಹೆಡ್‌ಫೋನ್‌ನಲ್ಲಿ ಕೇಳಿಕೊಳ್ಳುವ ಕ್ಯೂ ಇನ್ನೊಂದು. ಆಕೆಯ ಟ್ಯಾಬ್ಲೆಟ್ಟಿಗಿದ್ದದ್ದು ಒಂದೇ ಕಿಂಡಿ. ಆಕೆ ಬಳಸುತ್ತಿದ್ದದ್ದು ಸ್ಪ್ಲಿಟ್ಟರ್ ಕೇಬಲ್. ಅದರಲ್ಲಿ ಸ್ಟೀರಿಯೊದ ಎಡಭಾಗ ಸ್ಪೀಕರಿಗೆ, ಬಲಭಾಗ ಕಿವಿಗೆ, ಎರಡೂ ಮಾನೊ, ಅಂದರೆ ಎಡಬಲ ಭೇದವಿಲ್ಲದ ಶಬ್ದ. ಮದುವೆ ಮನೆಯಲ್ಲಿ ಮಾನೊ ಯಾರಿಗೂ ತಿಳಿಯುವುದಿಲ್ಲ, ಅದು ದೊಡ್ಡ ನಷ್ಟವಲ್ಲ. ಆದರೆ ಆ ಕಿಂಡಿಗೆ ಕೇಬಲ್ ಚುಚ್ಚಿದರೆ ಚಾರ್ಜಿಂಗ್‌ಗೆ ಜಾಗವಿಲ್ಲ. ಒಮ್ಮೆ ತಂತಿಯ ಹೆಡ್‌ಫೋನಿನ ಬದಲು ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಳು. ಬ್ಲೂಟೂತ್‌ನಲ್ಲಿ ಶಬ್ದ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಕಿವಿ ಸೇರುತ್ತದೆ. ನಿಮಿಷಕ್ಕೆ 120 ಬಡಿತಗಳ ಹಾಡಿನಲ್ಲಿ ಒಂದು ಬಡಿತದಿಂದ ಇನ್ನೊಂದಕ್ಕೆ 500 ಮಿಲಿಸೆಕೆಂಡ್. 150 ಮಿಲಿಸೆಕೆಂಡ್ ತಡವೆಂದರೆ ಬಡಿತದ ಮೂರನೆಯ ಒಂದರಷ್ಟು ಹತ್ತಿರ. ಕಿವಿಯಲ್ಲಿ ಹೊಂದಿಕೊಂಡಂತೆ ಕೇಳಿದ ಎರಡು ಹಾಡುಗಳು ಸಭೆಯಲ್ಲಿ ಒಂದನ್ನೊಂದು ತುಳಿಯುತ್ತಿದ್ದವು.

ಇವೆಲ್ಲ ಸಣ್ಣ ತೊಡಕುಗಳು, ಹಣ ಕೊಟ್ಟರೆ ಹೋಗುವಂಥವು. ನಿಜವಾದ ಪೆಟ್ಟು ಬಿದ್ದದ್ದು ಮೇ ತಿಂಗಳ ಒಂದು ಮದುವೆಯಲ್ಲಿ.

ಪುಣೆಯ ಅಂಚಿನ ಒಂದು ಲಾನ್ಸ್. ಇಲ್ಲಿ ಮದುವೆಗೆ ಬಾಡಿಗೆ ಕೊಡುವ ಹುಲ್ಲುಹಾಸಿನ ಬಯಲಿಗೆ ಎಲ್ಲರೂ ಹಾಗೆಯೇ ಅನ್ನುತ್ತಾರೆ. ಸಂಜೆ ಐದಕ್ಕೇ ಸಂಗೀತ್ ಶುರು. ಡಿಜೆ ಮೇಜನ್ನು ಪಶ್ಚಿಮಕ್ಕೆ ಮುಖ ಮಾಡಿ ಇಟ್ಟಿದ್ದರು, ನೆರಳಿಗೊಂದು ಛತ್ರಿಯೂ ಇರಲಿಲ್ಲ. ಟ್ಯಾಬ್ಲೆಟ್ಟುಗಳ ಕೈಪಿಡಿಗಳಲ್ಲಿ ಬಳಕೆಗೆ ಹೇಳುವ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 35 ಡಿಗ್ರಿ. ಆ ದಿನ ನೆರಳಿನಲ್ಲೇ ಅದಕ್ಕಿಂತ ಹೆಚ್ಚಿತ್ತು, ಮೇಲೆ ಕಪ್ಪು ಚರ್ಮದ ಹೊದಿಕೆ. ಅರ್ಧ ತಾಸಿನಲ್ಲಿ ಪರದೆ ತನ್ನನ್ನು ಉಳಿಸಿಕೊಳ್ಳಲು ತಾನೇ ಮಂಕಾಯಿತು. ಬಿಸಿಲಿಗೆ ಎದುರಾಗಿ ಮಂಕಾದ ಪರದೆಯಲ್ಲಿ, ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿಸುವ ಕ್ರಾಸ್‌ಫೇಡರ್ ಎಲ್ಲಿದೆ ಎಂದು ಕಾಣುವುದಿಲ್ಲ. ಬೆವರು ಬೇರೆ. ಬೆರಳಿನ ವಿದ್ಯುತ್ ಸ್ಪರ್ಶದಿಂದ ಕೆಲಸ ಮಾಡುವ ಗಾಜಿಗೆ ಬೆವರಿನ ಹನಿಯೂ ಬೆರಳೇ. ಆಕೆ ಬಾಸ್ ತಗ್ಗಿಸಲು ಹೋದರೆ ಹಾಡೇ ಹಾರಿಹೋಯಿತು. ಇದರ ನಡುವೆ ಊಟವಾಯಿತೇ ಎಂದು ಕೇಳಲು ತಾಯಿಯ ಕರೆ ಬಂತು. ಮೊಬೈಲಿಗೆ ಹೊಂದಿಸಿದ್ದ ಟ್ಯಾಬ್ಲೆಟ್ ಹಾಡು ನಿಲ್ಲಿಸಿ ಆ ಕರೆಗಂಟೆಯನ್ನು ಬಯಲಿಗೆಲ್ಲ ಕೇಳಿಸಿತು. ಜನ ನಕ್ಕರು. ಆಕೆಗೆ ನಗು ಬರಲಿಲ್ಲ.

ರಾತ್ರಿ ಬಾಕಿ ಹಣ ಕೊಡುವಾಗ ಮದುಮಗಳ ಸೋದರಮಾವ ಒಂದಿಷ್ಟು ಕಡಿತ ಮಾಡಿಕೊಂಡರು. ‘ನೋಡಮ್ಮಾ, ಮೊಬೈಲ್ ನೋಡುತ್ತಾ ಹಾಡು ಹಾಕುವುದಕ್ಕೆ ನಮ್ಮ ಮನೆಯ ಹುಡುಗರೇ ಇದ್ದರಲ್ಲ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಪ್ರಯತ್ನಗಳು

ಮರುದಿನ ಆಕೆ ಫೋನ್ ಮಾಡಿ, ನಾಲ್ಕು ಚಾನೆಲ್ಲಿನ ದೊಡ್ಡ ಕಂಟ್ರೋಲರನ್ನು ಕಂತಿನ ಮೇಲೆ ತೆಗೆದುಕೊಳ್ಳುತ್ತೇನೆ ಎಂದಳು. ಆ ಮಾತಿನಲ್ಲಿ ಅವಮಾನ ಇತ್ತು, ಲೆಕ್ಕ ಇರಲಿಲ್ಲ. ಕೊಳ್ಳುವ ಮೊದಲು ಎರಡು ಕೆಲಸ ಮಾಡು ಎಂದೆ: ಆ ಮದುವೆಯ ವಿಡಿಯೊ ತರಿಸಿ ನೋಡು, ಆಮೇಲೆ ಯಂತ್ರವನ್ನು ಬಾಡಿಗೆಗೆ ತಂದು ನೋಡು.

ವಿಡಿಯೊ ತೋರಿಸಿದ್ದು ಆಕೆ ನಿರೀಕ್ಷಿಸಿದ್ದನ್ನಲ್ಲ. ಪರದೆ ಕೈಕೊಟ್ಟ ಗಳಿಗೆಗಳು ಅದರಲ್ಲಿ ಕೆಲವೇ ಕ್ಷಣ. ಉಳಿದಂತೆ ಎಲ್ಲ ಸರಿಯಾಗಿ ನಡೆಯುತ್ತಿದ್ದಾಗಲೂ ಆಕೆಯ ತಲೆ ಬಗ್ಗಿಯೇ ಇತ್ತು. ಒಂದು ಕಡೆ ಹೆಂಗಸರು ದುಂಡಗೆ ಸೇರಿ ಫುಗಡಿ ಕುಣಿತ ಶುರುಮಾಡಿದ್ದರು. ಮುಂದಿನ ಹಾಡು ಬಂದೊಡನೆ ಆ ಗುಂಪು ಕರಗಿ ಕುರ್ಚಿಗಳಿಗೆ ಹೋಯಿತು. ಹಾಡು ಮುಗಿಯುವವರೆಗೆ ಆಕೆಗೆ ಅದು ಗೊತ್ತೇ ಆಗಿರಲಿಲ್ಲ. ಸೋದರಮಾವನ ಮಾತು ಒರಟಾಗಿದ್ದರೂ ಕಂಡದ್ದನ್ನೇ ಆತ ಹೇಳಿದ್ದ. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದು. ಅದುವರೆಗೆ ಪ್ರಶ್ನೆ ಶಾಖ, ಕೇಬಲ್, ಬ್ಯಾಟರಿಯದಾಗಿತ್ತು. ಈಗ ಕಣ್ಣಿನದಾಯಿತು.

ಗಾಜಿನ ಮೇಲೆ ಏರುತಗ್ಗಿಲ್ಲ. ಬಾಸ್ ಗುಂಡಿ ಎಲ್ಲಿದೆ ಎಂದು ತಿಳಿಯಲು ನೋಡಲೇಬೇಕು, ಎಷ್ಟು ತಿರುಗಿಸಿದೆ ಎಂದು ತಿಳಿಯಲೂ ನೋಡಲೇಬೇಕು. ಬಾಸ್ ಮುಂತಾದವನ್ನು ಏರಿಳಿಸುವ ಕಂಟ್ರೋಲರಿನ ಇಕ್ಯೂ ಗುಂಡಿ ನಟ್ಟನಡುವೆ ಬಂದಾಗ ಬೆರಳಿಗೆ ‘ಟಕ್’ ಎಂದು ತಿಳಿಯುತ್ತದೆ, ಮೇಲೆ ಕೆಳಗೆ ಜಾರಿಸುವ ಗುಂಡಿ, ಅಂದರೆ ಫೇಡರ್, ತುದಿ ಮುಟ್ಟಿದಾಗ ನಿಲ್ಲುತ್ತದೆ. ಕತ್ತಲಲ್ಲಿ ಅಡುಗೆಮನೆಯ ಸ್ವಿಚ್ಚಿಗೆ ಹೋಗುವಂತೆ ಕೈ ತಾನೇ ಹೋಗುತ್ತದೆ. ಡಿಜೆ ಯಂತ್ರಗಳ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿ ಇದೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಗ್ರಾಮಫೋನ್ ತಟ್ಟೆಯ ಯಂತ್ರ. 2001ರಲ್ಲಿ ಪಯೋನಿಯರ್ ಸಿಡಿಜೆ-1000 ಬಂದಾಗ ಒಳಗಿದ್ದದ್ದು ಸಿ.ಡಿ.; ಆದರೂ ಮೇಲೆ ಕೈಗೆ ಸಿಗುವ ದೊಡ್ಡ ಚಕ್ರವನ್ನೇ ಇಟ್ಟರು. ಈಗ ಸಿ.ಡಿ. ಹೋಗಿ ಕಡತಗಳು ಬಂದಿವೆ, ಆ ಚಕ್ರ ಜಾಗ್ ವ್ಹೀಲ್ ಆಗಿ ಇನ್ನೂ ಇದೆ. ಹಳಬರ ಮೇಲಿನ ಮಮಕಾರಕ್ಕಾಗಿ ಕಾರ್ಖಾನೆಗಳು ಇಷ್ಟು ವರ್ಷ ಲೋಹ, ಪ್ಲಾಸ್ಟಿಕ್ ಖರ್ಚು ಮಾಡುವುದಿಲ್ಲ.

ಇಷ್ಟು ತಿಳಿದ ಮೇಲೆ ಬಾಡಿಗೆ ಕಂಟ್ರೋಲರ್ ಬಂತು. ಫಲಿತಾಂಶ ಇನ್ನೂ ಕೆಟ್ಟದಾಯಿತು.

ಇದನ್ನು ಮುಚ್ಚಿಡಬಾರದು, ಏಕೆಂದರೆ ಬಹಳ ಜನ ಇಲ್ಲಿಗೇ ಬಂದು ಕೈಚೆಲ್ಲುತ್ತಾರೆ. ಬಾಡಿಗೆಗೆ ಸಿಕ್ಕದ್ದು ನಾಲ್ಕು ಚಾನೆಲ್ಲಿನದು, ಗುಂಡಿಗಳ ಕಾಡು. ಆಕೆಯ ಕೈಗೆ ಗೊತ್ತಿದ್ದದ್ದು ಗಾಜಿನ ಭೂಗೋಳ. ಹಿಂದಿನ ಹಾಡಿಗೆ ತಗ್ಗಿಸಿದ ಬಾಸ್ ಗುಂಡಿ ಹಾಗೆಯೇ ಉಳಿದು, ಅದೇ ಚಾನೆಲ್ಲಿಗೆ ಬಂದ ಹೊಸ ಹಾಡು ಅರ್ಧದವರೆಗೆ ತಮಟೆಯ ಸದ್ದೇ ಇಲ್ಲದೆ ಹೋಯಿತು. ಆ್ಯಪ್‌ನಲ್ಲಿ ಹಾಡು ಬದಲಾದರೆ ಚಿತ್ರದ ಗುಂಡಿಗಳು ತಾವೇ ಸರಿಯಾದ ಸ್ಥಾನಕ್ಕೆ ಬರುವಂತೆ ಆಕೆ ಹೊಂದಿಸಿಕೊಂಡಿದ್ದಳು. ಲೋಹದ ಗುಂಡಿ ಇಟ್ಟಲ್ಲೇ ಇರುತ್ತದೆ. ಗತಿ ಹೊಂದಿಸುವ ಫೇಡರಿನ ಕತೆಯೂ ಇದೇ. ಪರದೆಯಲ್ಲಿ ಗತಿ ಒಂದು ಕಡೆ, ಕೈಯ ಕೆಳಗಿನ ಫೇಡರ್ ಇನ್ನೊಂದು ಕಡೆ ಇದ್ದರೆ, ಫೇಡರ್ ಆ ಸ್ಥಾನವನ್ನು ಹಾದುಹೋಗುವವರೆಗೆ ತಂತ್ರಾಂಶ ಅದನ್ನು ಲೆಕ್ಕಿಸುವುದಿಲ್ಲ. ಆಕೆ ಎಳೆದಳು, ಏನೂ ಆಗಲಿಲ್ಲ. ಇನ್ನಷ್ಟು ಎಳೆದಳು, ಹಾಡು ಒಮ್ಮೆಲೇ ಓಡಿತು. ‘ಅಣ್ಣಾ, ನನಗೆ ಟ್ಯಾಬ್ಲೆಟ್ಟೇ ಸರಿ’ ಎಂದು ಯಂತ್ರ ಹಿಂದಿರುಗಿಸಿದಳು.

ಟವೆಲ್ ಪರೀಕ್ಷೆ

ಎರಡನೆಯ ತಿರುವು ವೇದಿಕೆಯ ಮೇಲೆ ಆದದ್ದಲ್ಲ, ನನ್ನ ಗೋದಾಮಿನಲ್ಲಿ. ಎರಡು ಚಾನೆಲ್ಲಿನ ಒಂದು ಹಳೆಯ ಕಂಟ್ರೋಲರ್ ಅಲ್ಲಿ ಬಿದ್ದಿತ್ತು. ಅದನ್ನು ಆಕೆಯ ಟ್ಯಾಬ್ಲೆಟ್ಟಿಗೇ ಜೋಡಿಸಿದೆವು. ಲ್ಯಾಪ್‌ಟಾಪ್ ಬೇಕಾಗಲಿಲ್ಲ: ಹಾಡು, ತಂತ್ರಾಂಶ ಟ್ಯಾಬ್ಲೆಟ್ಟಿನವು, ಕೈಯಾಡಿಸುವುದು ಕಂಟ್ರೋಲರಿನಲ್ಲಿ, ಶಬ್ದ ಹೊರಬರುವುದೂ ಕಂಟ್ರೋಲರಿನ ಹಿಂಬದಿಯಿಂದ. ನಡುವೆ ಒಂದು ಕಿಂಡಿಯನ್ನು ಹಲವಾಗಿಸುವ, ತನ್ನದೇ ವಿದ್ಯುತ್ ಇರುವ ಹಬ್ ಒಂದನ್ನು ಇಟ್ಟೆವು, ಇಲ್ಲವಾದರೆ ಟ್ಯಾಬ್ಲೆಟ್ಟಿನ ಬ್ಯಾಟರಿಯೇ ಎರಡನ್ನೂ ಸಾಕಬೇಕಾಗುತ್ತದೆ. ಹೆಡ್‌ಫೋನಿಗೆ ಕಂಟ್ರೋಲರಿನಲ್ಲೇ ಪ್ರತ್ಯೇಕ ತೂತು. ಶಬ್ದದ ದಾರಿಯ ತೊಂದರೆಗಳೆಲ್ಲ ಅಲ್ಲಿಗೆ ಮುಗಿದವು.

ಆಮೇಲೆ ಪರದೆಯ ಮೇಲೆ ಒಂದು ಟವೆಲ್ ಹಾಕಿ, ಈಗ ಎರಡು ಹಾಡು ಬೆಸೆ ಎಂದೆ. ಬರೀ ಟ್ಯಾಬ್ಲೆಟ್ಟಿನಲ್ಲಾದರೆ ಈ ಮಾತಿಗೆ ಅರ್ಥವೇ ಇಲ್ಲ. ಕಂಟ್ರೋಲರಿನಲ್ಲೂ ಮೊದಲು ಆಕೆಗೆ ಆಗಲಿಲ್ಲ. ಪ್ರತಿ ಸಲವೂ ಟವೆಲ್ಲಿನ ಅಂಚು ಎತ್ತಿ ಇಣುಕುತ್ತಿದ್ದಳು. ಆದರೆ ಗುಂಡಿಗಳು ಕಡಿಮೆ ಇದ್ದುದರಿಂದ ಕೈ ಬೇಗ ಕಲಿತಿತು. ಹಾಡು ಮುಗಿದೊಡನೆ ಮೂರು ಇಕ್ಯೂ ಗುಂಡಿಗಳನ್ನು ‘ಟಕ್’ ಎನ್ನುವಲ್ಲಿಗೆ ತರುವುದು, ಫೇಡರ್ ಕೆಳಗಿಳಿಸುವುದು, ಆಮೇಲಷ್ಟೇ ಹೊಸ ಹಾಡು ಹಾಕುವುದು. ಈ ಕ್ರಮ ರೂಢಿಗೆ ಬಂದ ಮೇಲೆ ಬಾಸ್ ಕಳೆದುಹೋಗುವ ಪ್ರಸಂಗ ಮತ್ತೆ ಬರಲಿಲ್ಲ. ದೊಡ್ಡ ಯಂತ್ರದ ಆಸೆಯನ್ನು ಆಕೆ ಬಿಟ್ಟದ್ದು ಇಲ್ಲಿಯೇ, ಯಾರೂ ಹೇಳದೆ. ಎರಡು ಚಾನೆಲ್ಲಿನದನ್ನು ನಗದು ಕೊಟ್ಟು ಕೊಂಡಳು.

ಈ ನಡುವೆ ಟ್ಯಾಬ್ಲೆಟ್ಟಿನ ಶಿಸ್ತೂ ಬಿಗಿಯಾಯಿತು. ವಿಮಾನ ಮೋಡ್, ಅಧಿಸೂಚನೆಗಳು ಬಂದ್, ಹೊದಿಕೆ ತೆಗೆದು ಸ್ಟ್ಯಾಂಡಿನ ಮೇಲೆ ನೆರಳಿನಲ್ಲಿ ಇಡುವುದು, ಹಾಡುಗಳೆಲ್ಲ ಒಳಗೇ. ಅಂತರಜಾಲದಿಂದ ಹಾಡು ಹರಿಸಿಕೊಳ್ಳುವ ಡಿಜೆಗಳಿಗೆ 2020ರಲ್ಲೇ ಒಂದು ಪಾಠವಾಗಿತ್ತು: ಆ ಜುಲೈಯಲ್ಲಿ ಸ್ಪಾಟಿಫೈ ಡಿಜೆ ಆ್ಯಪ್‌ಗಳಿಗೆ ಹಾಡು ಕೊಡುವುದನ್ನು ನಿಲ್ಲಿಸಿತು, ಅದನ್ನೇ ನೆಚ್ಚಿದ್ದವರ ಪಟ್ಟಿಗಳು ನಿರುಪಯೋಗವಾದವು. ನೆಲಮಾಳಿಗೆಯ ಸಭಾಂಗಣದಲ್ಲಿ ಸಿಗ್ನಲ್ಲೇ ಇರದಿದ್ದರೆ ಅದಕ್ಕೂ ಕಾಯಬೇಕಾಗಿಲ್ಲ.

ನವೆಂಬರ್‌ನ ಸಂಜೆ

ಪರೀಕ್ಷೆಯಾದದ್ದು ಒಂದು ವಸತಿ ಸಂಕೀರ್ಣದ ರಾಜ್ಯೋತ್ಸವದಲ್ಲಿ. ಭುವನೇಶ್ವರಿಯ ಪೂಜೆ, ಮಕ್ಕಳ ನೃತ್ಯ, ಹಿರಿಯರ ಭಾಷಣ, ಆಮೇಲೆ ಊಟದ ಜೊತೆಗೆ ಹಾಡು. ಧ್ವನಿವರ್ಧಕ ನನ್ನದೇ, ಹಾಗಾಗಿ ಇಡೀ ಸಂಜೆ ಕಣ್ಣೆದುರೇ ನಡೆಯಿತು. ನಿರೂಪಕಿಯ ಮೈಕನ್ನು ಕಂಟ್ರೋಲರಿನ ಮೈಕ್ ಕಿಂಡಿಗೇ ಕೊಟ್ಟಿದ್ದರಿಂದ ಮಾತು ಬಂದಾಗ ಹಾಡು ತಗ್ಗಿಸುವುದು ಆಕೆಯ ಕೈಯಲ್ಲೇ ಇತ್ತು. ಟ್ಯಾಬ್ಲೆಟ್ಟಿನ ದಿನಗಳಲ್ಲಿ ಇದಕ್ಕಾಗಿ ನನ್ನತ್ತ ಕೈಸನ್ನೆ ಮಾಡಬೇಕಿತ್ತು.

ಹಿರಿಯರು ಕೇಳಿದ್ದು ಎಪ್ಪತ್ತರ ದಶಕದ ಚಿತ್ರಗೀತೆಗಳನ್ನು. ಡಿಜೆ ತಂತ್ರಾಂಶದ ಸಿಂಕ್ ಗುಂಡಿ ಹಾಡಿನ ಬಡಿತಗಳ ಮೇಲೆ ಸಮನಾದ ಗೆರೆಗಳನ್ನು ಎಳೆದುಕೊಂಡು ಎರಡು ಹಾಡುಗಳ ಗೆರೆಗಳನ್ನು ಹೊಂದಿಸುತ್ತದೆ. ಆ ಗೆರೆಜಾಲವೇ ಬೀಟ್‌ಗ್ರಿಡ್. ಯಂತ್ರದ ತಾಳಕ್ಕೆ ತಯಾರಾದ ಇಂದಿನ ಹಾಡಿಗೆ ಅದು ಸರಿ. ಆ ಕಾಲದ ಹಾಡುಗಳನ್ನು ಇಡೀ ವಾದ್ಯವೃಂದ ಒಟ್ಟಿಗೆ ಕುಳಿತು, ನಿರ್ದೇಶಕರ ಕೈ ನೋಡಿಕೊಂಡು ನುಡಿಸಿತ್ತು, ಗತಿ ಉಸಿರಾಡುತ್ತದೆ. ಪಲ್ಲವಿಯಲ್ಲಿ ನಿಮಿಷಕ್ಕೆ 102 ಇದ್ದದ್ದು ಚರಣ ಮುಗಿಯುವಷ್ಟರಲ್ಲಿ 105 ಆಗಿರಬಹುದು. ಸಿಂಕ್ ಒತ್ತಿದರೆ ಮೊದಲ ಸಾಲಿನಲ್ಲಿ ಹೊಂದಿಕೊಂಡು ಎರಡನೆಯ ಸಾಲಿನಲ್ಲಿ ಜಾರುತ್ತದೆ.

ಆಕೆ ಸಿಂಕ್ ಬಂದ್ ಮಾಡಿಬಿಟ್ಟಳು. ದನಿಯನ್ನು ಬೇರ್ಪಡಿಸಿ ಕೆಳಗೆ ಹೊಸ ತಾಳ ಹಾಕಿದಳು, ಜಾರಿದಾಗೆಲ್ಲ ಜಾಗ್ ವ್ಹೀಲಿನ ಅಂಚನ್ನು ಬೆರಳ ತುದಿಯಿಂದ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ತಳ್ಳಿ ಹೊಂದಿಸಿದಳು. ಇದನ್ನೇ ಗಾಜಿನ ಮೇಲೆ ಮಾಡಬಹುದು, ಆ್ಯಪ್‌ನಲ್ಲಿ ಅದಕ್ಕೂ ಗುಂಡಿ ಇದೆ. ಆದರೆ ಕಣ್ಣು ಅಲ್ಲಿಂದ ಕದಲುವಂತಿಲ್ಲ. ಈಗ ಕಣ್ಣು ಸಭೆಯ ಮೇಲಿತ್ತು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಕುರ್ಚಿಯಲ್ಲೇ ತೊಡೆ ತಟ್ಟುತ್ತಿದ್ದುದನ್ನು ಕಂಡು ಆ ಹಾಡನ್ನು ಇನ್ನೊಂದು ಚರಣ ಎಳೆದಳು. ಬೀಟ್‌ಗ್ರಿಡ್ಡಿಗೆ ಅಜ್ಜಿ ಕಾಣುವುದಿಲ್ಲ.

ಜಾನಪದದ ಸರದಿ ಬಂದಾಗ ತೆಗೆದುಕೊಂಡ ನಿರ್ಧಾರ ನನಗೆ ಇನ್ನೂ ಮೆಚ್ಚುಗೆಯಾಯಿತು. ನಾಲ್ಕರ ಎಣಿಕೆಯನ್ನು ನಂಬಿದ ತಂತ್ರಾಂಶ ಆರರ ನಡೆಯ ಹಾಡಿಗೆ ಗತಿಯನ್ನೇ ತಪ್ಪಾಗಿ ಹೇಳುತ್ತದೆ. ಅದನ್ನು ಬೆಸೆಯುವ ಹಟಕ್ಕೆ ಆಕೆ ಹೋಗಲಿಲ್ಲ. ಹಿಂದಿನ ಹಾಡನ್ನು ಎಕೊದಲ್ಲಿ, ಅಂದರೆ ಪ್ರತಿಧ್ವನಿಯಲ್ಲಿ, ಕರಗಿಸಿ, ಒಂದು ಕ್ಷಣ ಸುಮ್ಮನಿದ್ದು, ಡೊಳ್ಳಿನ ಮೊದಲ ಪೆಟ್ಟಿಗೆ ನೇರವಾಗಿ ಹೊಸದನ್ನು ಬಿಟ್ಟಳು. ಬಾಗಲಕೋಟೆ ಕಡೆಯ ಗಂಡಸರು ಊಟದ ತಟ್ಟೆ ಬಿಟ್ಟು ಎದ್ದುಬಂದರು.

ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಮಗುವೊಂದು ಮೇಜಿನ ಕೆಳಗೆ ನುಸುಳಿ ಯುಎಸ್‌ಬಿ ಕೇಬಲ್ ಅಲುಗಾಡಿಸಿತು. ಕಂಟ್ರೋಲರೇ ಧ್ವನಿಯ ದಾರಿಯಾಗಿದ್ದರಿಂದ ಸಭೆಯೆಲ್ಲ ಒಮ್ಮೆಲೇ ಮೌನ. ಹಾಡು ಟ್ಯಾಬ್ಲೆಟ್ಟಿನ ಪುಟ್ಟ ಸ್ಪೀಕರಿನಲ್ಲಿ ಕೀಚುತ್ತಿತ್ತು. ಬರೀ ಟ್ಯಾಬ್ಲೆಟ್ಟಿದ್ದಾಗ ಒಂದೇ ಕೇಬಲ್ಲಿನ ಚಿಂತೆ, ಈಗ ನಾಲ್ಕರದು. ಅಂದಿನಿಂದ ಪ್ರತಿ ಜೋಡಣೆಯ ಮೇಲೂ ಬಟ್ಟೆಯ ಟೇಪ್ ಸುತ್ತುತ್ತಾಳೆ. ಹತ್ತಕ್ಕೆ ಐದು ನಿಮಿಷ ಇರುವಾಗ ಗತಿ ಇಳಿಸುತ್ತಾ ಬಂದು ಹತ್ತಕ್ಕೆ ಸರಿಯಾಗಿ ಫೇಡರ್ ಇಳಿಸಿದಳು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಲ್ಲದು. ಸಂಕೀರ್ಣದ ಅಂಗಳದಲ್ಲಿ ಗಡಿಯಾರ ನೋಡದ ಡಿಜೆಗೆ ಮುಂದಿನ ವರ್ಷ ಕರೆ ಬರುವುದಿಲ್ಲ.

ಆಮೇಲೆ

ಆಕೆ ಟ್ಯಾಬ್ಲೆಟ್ಟನ್ನು ಬಿಟ್ಟಿಲ್ಲ. ಮನೆಯೊಳಗಿನ ಅರಿಶಿನ ಶಾಸ್ತ್ರಕ್ಕೆ, ಕೆಫೆಯ ಮೂಲೆಗೆ ಈಗಲೂ ಅದೊಂದನ್ನೇ ಒಯ್ಯುತ್ತಾಳೆ, ಜೊತೆಗೆ ಸಭೆಗೂ ಹೆಡ್‌ಫೋನಿಗೂ ಬೇರೆ ಬೇರೆ ಶಬ್ದ ಕೊಡುವ ಅಂಗೈಯಗಲದ ಸೌಂಡ್ ಕಾರ್ಡ್. ಅಲ್ಲಿ ಹಾಡುಗಳ ಕ್ರಮ ಮೊದಲೇ ಗೊತ್ತಿರುತ್ತದೆ, ಕುಣಿಯುವವರು ಕಡಿಮೆ, ಮೇಜೂ ಚಿಕ್ಕದು. ಕುಣಿತ ಇರುವ ಕಡೆ, ಮೈಕ್ ಇರುವ ಕಡೆ, ಬಿಸಿಲಿರುವ ಕಡೆ ಕಂಟ್ರೋಲರ್ ಹೋಗುತ್ತದೆ. ಸಂಭಾವನೆಯೂ ಹಾಗೆಯೇ ಎರಡು ಬಗೆ. ಕಂಟ್ರೋಲರ್ ಕಂಡರೆ ಗಿರಾಕಿಗಳು ಚೌಕಾಸಿ ಕಡಿಮೆ ಮಾಡುತ್ತಾರೆ ಎಂಬುದು ಆಕೆಯ ಅನುಭವ. ಇದು ನ್ಯಾಯವೋ ಅಲ್ಲವೋ, ವ್ಯವಹಾರದ ಸತ್ಯ.

ಹಣ ಹೊಂದಿಸಿಕೊಳ್ಳುತ್ತಿರುವವರಿಗೆ ಆಕೆ ಖರ್ಚು ಮಾಡಿದ ಕ್ರಮವನ್ನಲ್ಲ, ಈಗ ಆಕೆ ಹೇಳುವ ಕ್ರಮವನ್ನು ಹೇಳುತ್ತೇನೆ: ಮೊದಲು ಕ್ಯೂ ಕೊಡುವ ಸೌಂಡ್ ಕಾರ್ಡ್ ಮತ್ತು ತಂತಿಯ ಹೆಡ್‌ಫೋನ್, ಆಮೇಲೆ ವಿದ್ಯುತ್ ಇರುವ ಹಬ್, ಅದಾದ ಮೇಲೆ ಚಿಕ್ಕ ಕಂಟ್ರೋಲರ್. ಲ್ಯಾಪ್‌ಟಾಪ್ ಆಕೆ ಈವರೆಗೆ ಕೊಂಡಿಲ್ಲ. ಕೊಳ್ಳುವ ಕಂಟ್ರೋಲರ್ ನಿಮ್ಮ ಟ್ಯಾಬ್ಲೆಟ್ಟಿನ ಆ್ಯಪ್‌ಗೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಜೋಡಿಸಿ ನೋಡಬೇಕು. ಕೆಲವು ಕಂಟ್ರೋಲರುಗಳಲ್ಲಿ ಒಳಗೆ ಸೌಂಡ್ ಕಾರ್ಡೇ ಇರುವುದಿಲ್ಲ, ಅವು ಬರೀ ಗುಂಡಿಗಳ ಹಲಗೆ. ಚಾರ್ಜಿಂಗ್ ಮತ್ತು ಶಬ್ದ ಒಂದೇ ಹಬ್ಬಿನಿಂದ ಬಂದಾಗ ಸ್ಪೀಕರಿನಲ್ಲಿ ಗುಂಯ್‌ಗುಟ್ಟುವ ಸದ್ದು ಬರುವುದುಂಟು. ಆಗ ಧ್ವನಿವರ್ಧಕದವನ ಬಳಿ ಆ ಸದ್ದನ್ನು ತಡೆಯುವ ಡಿ.ಐ. ಬಾಕ್ಸ್ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನುಡಿಸಿ.

ಈ ಪ್ರಕರಣದ ಅಳತೆಗೋಲು ಎಲ್ಲರಿಗೂ ಹೊಂದುವುದಿಲ್ಲ. ನಿಮಿಷಕ್ಕೆ 120ರಿಂದ 128 ಬಡಿತಗಳ ನಡುವೆ ಗಟ್ಟಿಯಾಗಿ ನಿಂತ, ಕ್ಲಬ್ಬುಗಳ ಹೌಸ್ ಸಂಗೀತವನ್ನಷ್ಟೇ, ಹವಾನಿಯಂತ್ರಿತ ಕೋಣೆಯಲ್ಲಿ ನುಡಿಸುವವರಿಗೆ ಸಿಂಕ್ ನಂಬಿಕೆಗೆ ಯೋಗ್ಯ, ಟ್ಯಾಬ್ಲೆಟ್ಟೊಂದೇ ಬಹಳ ದೂರ ಒಯ್ಯುತ್ತದೆ. ಆಕೆಯ ಸಭೆ ಅಂಥದ್ದಾಗಿರಲಿಲ್ಲ. ಕಳೆದ ತಿಂಗಳು ಒಂದು ಕ್ಲಬ್ಬಿನಿಂದ ಆಕೆಗೆ ಕರೆ ಬಂದಿದೆ. ಅಲ್ಲಿ ಯಂತ್ರಗಳೆಲ್ಲ ಅವರವೇ, ಪೆನ್‌ಡ್ರೈವ್ ಒಂದನ್ನು ತಂದರೆ ಸಾಕಂತೆ. ಹೋಗುವ ಮೊದಲು ನನ್ನ ಗೋದಾಮಿಗೆ ಬಂದು ಟವೆಲ್ ಕೇಳಿದ್ದಾಳೆ.